ಬೆಟಗೇರಿಯ ನೂಲು, ವಿಲಾಯತಿಯ ಮೈಲಿ

ಸ್ಕಾಟ್ಲಂಡಿನಿಂದ ಮರಳಿದ ವಾರ ಗದಗಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮುಗಿಸಿದ್ರೇನ್ರಿ?" ಹೌದು ಎನ್ನಲೂ ನನ್ನಲ್ಲಿ ಆಧಾರವಿತ್ತು, ಇಲ್ಲ ಎನ್ನಲೂ ಇತ್ತು. ಇಂಥ ವರದಿಯನ್ನು ಸುದ್ದಿಮನೆಯ ಮೇಜು ಒಪ್ಪುವುದಿಲ್ಲ, ತಿರುಗಿ ಕಳಿಸುತ್ತದೆ. ಈಗ ಆ ಮೇಜೂ ಇಲ್ಲ, ಕೇಳಿದವರಲ್ಲಿ ಹಲವರೂ ಇಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತೇನೆ.

ಬೆಟಗೇರಿ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಗದಗಿನ ವರದಿಗಾರ. ಟೆಲಿಫೋನಿನಲ್ಲಿ ಹುಬ್ಬಳ್ಳಿ ಸಿಗುವಷ್ಟರಲ್ಲಿ ಸುದ್ದಿ ಹಳತಾಗುತ್ತಿತ್ತು. ಹೀಗಾಗಿ ದಿನದ ಸುದ್ದಿಯನ್ನೆಲ್ಲ ಲಕೋಟೆಗೆ ತುಂಬಿ ಸಂಜೆ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ರೂಢಿ. ನನ್ನ ಕೊನೆಯ ಸಾಲಿಗೂ ಬಸ್ಸಿನ ಸಮಯಕ್ಕೂ ಹೊಂದಿಕೆ ಇರುತ್ತಿರಲಿಲ್ಲ. ಓಡುತ್ತಿದ್ದೆ. ನನ್ನ ಓಟ ಶುರುವಾದದ್ದು ಹೀಗೆ.

ಒಂದು ಸಂಜೆ ಬಸ್ಸು ಹೊರಟೇಬಿಟ್ಟಿತ್ತು. ತಿರುವಿನ ತನಕ ಬೆನ್ನಟ್ಟಿ ಕಿಟಕಿಯಿಂದ ಲಕೋಟೆ ಒಳಗೆ ತೂರಿದೆ. ಏದುಸಿರು ಬಿಡುತ್ತ ಮರಳುವಾಗ ಚಹಾದಂಗಡಿಯ ಬೆಂಚಿನಿಂದ ಒಬ್ಬ ಕೂಗಿದ:

"ಪೇಪರ್ ಸಾಹೇಬ್ರ, ಬಸ್ಸಿಗೆ ಯಾಕ ಕೊಡ್ತೀರಿ? ನೀವ ಹುಬ್ಬಳ್ಳಿತನಾ ಓಡಿ ಹೋಗಿ ಕೊಟ್ಟು ಬರ್ರಲ್ಲಾ. ಬಸ್ಸಿಗಿಂತ ಜಲ್ದಿ ಮುಟ್ಟತೀರಿ."

ಅವನೇ ಈರಣ್ಣ. ಬೆಟಗೇರಿಯ ನೇಕಾರ. ನೇಯ್ದ ಸೀರೆಗಳನ್ನು ಗದಗಿನ ಅಂಗಡಿಗೆ ಹಾಕಿ, ಚಹಾ ಕುಡಿದು, ನನ್ನ ಓಟ ನೋಡಿಕೊಂಡೇ ಮನೆಗೆ ಹೋಗುತ್ತಿದ್ದನಂತೆ. ಆರು ತಿಂಗಳಲ್ಲಿ 'ಸಾಹೇಬ್ರ' ಹೋಗಿ 'ಲೇ ಗುರುನಾಥ' ಬಂತು. ನನಗಿಂತ ಹತ್ತು ವರ್ಷ ದೊಡ್ಡವನು. ನನ್ನ ತಂದೆ ಶಾಲೆಯ ಮಾಸ್ತರರು, ಅಜ್ಜ ಗುಡಿಯ ಪೂಜೆಯವರು. ನಮ್ಮ ಮನೆತನದಲ್ಲಿ ಓಡಿದವರು ಯಾರೂ ಇಲ್ಲ ಎಂದಾಗ ಈರಣ್ಣ, "ಮತ್ತ ಓಡೂ ಪ್ರಸಂಗ ಬಂದಿಲ್ಲ ನಿಮಗ, ಅದಕ್ಕ" ಎಂದಿದ್ದ.

ಆ ವರ್ಷ ಪತ್ರಿಕೆ ನನ್ನನ್ನು ಮೂರು ತಿಂಗಳ ತರಬೇತಿಗೆ ಸ್ಕಾಟ್ಲಂಡಿಗೆ ಕಳಿಸಲು ಆರಿಸಿತು. ಅಲ್ಲಿಂದ ಬಂದ ಕಾಗದಗಳ ನಡುವೆ ಒಂದು ಕರಪತ್ರವಿತ್ತು. ಸಮುದ್ರದಂಡೆಯ ಆ ಊರಿನಲ್ಲಿ ಮ್ಯಾರಥಾನ್ ಓಟವಿದೆ. ದೂರ ಇಪ್ಪತ್ತಾರು ಮೈಲಿ, ಮುನ್ನೂರ ಎಂಬತ್ತೈದು ಗಜ. ನಾಲ್ಕು ತಾಸಾದೊಡನೆ ರಸ್ತೆಯನ್ನು ವಾಹನಗಳಿಗೆ ತೆರೆಯುತ್ತಾರೆ. ಹಿಂದುಳಿದವರನ್ನು ಬಸ್ಸಿಗೆ ಹತ್ತಿಸುತ್ತಾರೆ. ಹೊಸಬರು ಮೊದಲು ಅಲ್ಲಿನ ಓಟಗಾರರ ಸಂಘದ ಎದುರು ಹತ್ತು ಮೈಲಿಯನ್ನು ಎಂಬತ್ತೆಂಟು ನಿಮಿಷದೊಳಗೆ ಓಡಿ ತೋರಿಸಬೇಕು. ಹಾಗೆ ಓಡಿದರೆ ಮಾತ್ರ ಎದೆಗೆ ಕಟ್ಟುವ ನಂಬರು. ಮೋಜಿಗೆಂದು ಇದನ್ನು ಈರಣ್ಣನಿಗೆ ಓದಿ ಹೇಳಿದೆ. ಅವನು ನಗಲಿಲ್ಲ.

"ಇಪ್ಪತ್ತೈದು ವರ್ಷ ಆತು, ಕುಣ್ಯಾಗ ಕುಂತು ಹಗಲೆಲ್ಲ ಕಾಲಿಲೆ ತುಳೀತೀನಿ. ಒಂದ ಗೇಣು ಮುಂದ ಹೋಗಿಲ್ಲ" ಎಂದ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಪಾದದಿಂದ ಕೋಲುಗಳನ್ನು ತುಳಿಯುತ್ತ ನೇಯುವ ಮಗ್ಗ. "ನೀ ಹೋಗು. ಓಡಿ ಮುಗಿಸು. ಆ ನಂಬರಿನ ಬಟ್ಟಿ ತಗೊಂಡು ಬಾ. ಮಗ್ಗದ ಮ್ಯಾಲ ಕಟ್ಟತೀನಿ."

ಓಡಲು ಅಳೆದ ದಾರಿ ಬೇಕಿತ್ತು. ರಸ್ತೆ ಇಲಾಖೆಯಲ್ಲಿ ನನಗೆ ಪರಿಚಯವಿದೆ, ಅಳತೆಯ ಟೇಪು ಕೇಳಿ ತರುತ್ತೇನೆ ಎಂದೆ. ಈರಣ್ಣನಿಗೆ ಸಿಟ್ಟೇ ಬಂತು.

"ಬೆಟಗೇರ್ಯಾಗ ನಿಂತು ಅಳಿಯಾಕ ಟೇಪು ಕಡಾ ತರತೀಯೇನಲೇ? ಈ ಓಣಿಗೆಲ್ಲ ಹಾಸು ಹಾಸಿಕೊಡಾಂವ ನಾನು. ಒಂದ ಬೆರಳು ಹೆಚ್ಚುಕಡಿಮಿ ಆದ್ರ ಕಡೀ ಸೀರಿಗೆ ಸೆರಗ ಬರಂಗಿಲ್ಲ. ನನ್ನ ನೂಲಿಗಿಂತ ಟೇಪು ಶಾಣ್ಯಾ ಏನು?"

ಮಗ್ಗಕ್ಕೆ ಉದ್ದ ನೂಲುಗಳನ್ನು ಓಣಿಯುದ್ದಕ್ಕೂ ಎಳೆದು ಸಜ್ಜುಮಾಡುವುದಕ್ಕೆ ಹಾಸು ಹಾಸುವುದು ಎನ್ನುತ್ತಾರೆ. ಈರಣ್ಣ ಅದರಲ್ಲಿ ಪಳಗಿದವನು. ಉಳಿದ ಹತ್ತಿ ನೂಲನ್ನು ಎಂಟೆಳೆ ಸೇರಿಸಿ ಬಿಗಿಯಾಗಿ ಹೊಸೆದ. ಮಧ್ಯಾಹ್ನದ ಬಿಸಿಲಿನಲ್ಲಿ ಓಣಿಯ ನೆಲದ ಮೇಲೆ ಚಾಚಿ, ಕಬ್ಬಿಣದ ಗಜಕೋಲು ಇಟ್ಟು ಇಟ್ಟು ನೂರು ಗಜ ಅಳೆದ. ಹತ್ತು ಗಜಕ್ಕೊಂದು ಕೆಂಪು ಗಂಟು ಹಾಕಿದ. ಅವನ ತಾಯಿ ಗಂಗವ್ವ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು.

"ಇಷ್ಟ ಚಲೋ ಹಗ್ಗ ಹೊಸದೀರಿ. ಅರಿವಿ ಒಣಹಾಕಾಕ ನನಗ ಕೊಡ್ರೆಪಾ."

"ಯವ್ವಾ, ಇದು ಹಗ್ಗ ಅಲ್ಲ. ಮೈಲಿ."

"ಮೈಲಿ ಮ್ಯಾಲ ಅರಿವಿ ಹಾಕಾಕ ಬರೂದಿಲ್ಲೇನು?"

ಮರುದಿನ ಬೆಳಿಗ್ಗೆ ಊರಾಚೆಯ ಬಯಲಿಗೆ ಹೋದೆವು. ಸಂಕ್ರಾಂತಿಗೆ ಮುಂಚಿನ ದಿನಗಳು. ಹುಲ್ಲಿನ ಮೇಲೆ ಇಬ್ಬನಿ ಎಷ್ಟಿತ್ತೆಂದರೆ ಮೊಣಕಾಲ ತನಕ ಧೋತರ ತೊಯ್ದಿತ್ತು. ಬೇವಿನ ಮರದಿಂದ ಶುರುಮಾಡಿ, ನೂಲನ್ನು ಹುಲ್ಲಿನಲ್ಲಿ ಎಳೆದು ಎಳೆದು, ಎಂಟು ಸಲ ಪೂರ್ತಿ ಚಾಚಿ, ಒಂಬತ್ತನೆಯ ಸಲ ಎಂಟನೆಯ ಕೆಂಪು ಗಂಟಿಗೆ ನಿಲ್ಲಿಸಿದೆವು. ಎಂಟುನೂರ ಎಂಬತ್ತು ಗಜ, ಅರ್ಧ ಮೈಲಿ. ಅಲ್ಲೊಂದು ಹಾಳು ಬಾವಿ. ಅದರ ಪಕ್ಕ ಈರಣ್ಣ ನೂಲಿಗೆ ಹಾಕುವ ಕೆಂಪು ಬಣ್ಣದಲ್ಲಿ ಅದ್ದಿ ತಂದ ಕಲ್ಲು ಹೂಳಿದ. ಹೋಗಿ ಬಂದರೆ ಒಂದು ಮೈಲಿ.

ಎರಡು ತಿಂಗಳ ನಂತರ ಆ ದಾರಿಯಲ್ಲಿ ಹತ್ತು ಸಲ ಹೋಗಿ ಬಂದಾಗ ಗಡಿಯಾರ ಎಂಬತ್ತೈದು ನಿಮಿಷ ತೋರಿಸಿತು. ಬೇಕಾದದ್ದಕ್ಕಿಂತ ಮೂರು ನಿಮಿಷ ಕಡಿಮೆ. ಈರಣ್ಣ ಬೇವಿನ ಬೊಡ್ಡೆಗೆ ತನ್ನ ಟವೆಲು ಕಟ್ಟಿ, "ನಂಬರ ನಮ್ಮದಾತು" ಎಂದ.

ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆಗೆ

ಒಂದೇ ಬಯಲಿನಲ್ಲಿ ಓಡಿ ಬೇಸರ ಬಂದಿತ್ತು. ಒಂದು ಭಾನುವಾರ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಶಿರಹಟ್ಟಿಯ ರಸ್ತೆ ಹಿಡಿದೆವು. ಈರಣ್ಣ ಬಾಡಿಗೆ ಸೈಕಲ್ಲಿನ ಮೇಲೆ, ನಾನು ಬಿಳಿ ಕ್ಯಾನ್ವಾಸ್ ಬೂಟಿನಲ್ಲಿ. ಕಿಲೋಮೀಟರಿನ ಕಲ್ಲು ಎಣಿಸುತ್ತ ಎಂಟು ಕಲ್ಲು ಹೋಗಿ, ಎಂಟು ಕಲ್ಲು ಹೊರಳಿ ಬರುವುದು. ಹತ್ತು ಮೈಲಿಗೆ ಒಂದಿಷ್ಟು ಗಜ ಕಡಿಮೆ. ಎರಡೂ ಬದಿ ಕಪ್ಪು ಎರೆಮಣ್ಣಿನ ಹೊಲ, ಕಡಲೆ ಕಿತ್ತು ಒಟ್ಟಿದ್ದರು.

ಲಕ್ಷ್ಮೇಶ್ವರ ಮುಟ್ಟಿದಾಗ ಎಂಬತ್ತೊಂಬತ್ತು ನಿಮಿಷ.

ಇಬ್ಬರೂ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದೆವು. ನಡೆಯುತ್ತಿತ್ತು.

"ಕಲ್ಲು ಸುಳ್ಳು" ಎಂದ ಈರಣ್ಣ. "ಹೂಳಿದಾಂವ ಎತ್ತಿನ ಗಾಡ್ಯಾಗ ಮಲಕೊಂಡು ಹೂಳ್ಯಾನ. ಆ ಐದನೇ ಕಲ್ಲು ನೋಡಿದಿಲ್ಲ? ಜನ ಕುಂಡ್ರಾಕಂತ ಬಸ್ ನಿಲ್ಲೂ ಜಾಗಾಕ್ಕ ಸರಿಸ್ಯಾರ."

"ಎಲ್ಲಾ ಕಲ್ಲೂ ಸರಿಸ್ಯಾರೇನು?"

"ಸರ್ಕಾರಿ ಕಲ್ಲು ನಂಬತೀಯೋ, ನನ್ನ ನೂಲು ನಂಬತೀಯೋ?"

ಐದನೆಯ ಕಲ್ಲು ನಿಜವಾಗಿಯೂ ವಾಲಿತ್ತು. ಅಷ್ಟು ಸಾಕಾಯಿತು ನನಗೆ. ಎರಡು ಮೂಲಗಳು ಎರಡು ಮಾತು ಹೇಳಿದರೆ ಮೂರನೆಯದನ್ನು ಕೇಳಬೇಕು. ಈ ಕಸುಬಿನಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಅದು. ನಾನು ಕೇಳಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಎರಡೂ ಸಮಯ ಬರೆದು, ನನಗೆ ಹಿತವಾದುದರ ಕೆಳಗೆ ಗೆರೆ ಎಳೆದೆ. ಆ ಪುಟ ಈಗಲೂ ನನ್ನಲ್ಲಿದೆ. ಗೆರೆ ಸ್ವಲ್ಪ ದಪ್ಪನಾಗಿಯೇ ಇದೆ.

ಮುಂಡರಗಿಯಿಂದ ಹಮ್ಮಿಗಿಗೆ

ಹೊರಡುವ ಮುನ್ನ ಒಮ್ಮೆ ದೀರ್ಘವಾಗಿ ಓಡಿ ದೇಹ ತಡೆಯುತ್ತದೆಯೇ ನೋಡಬೇಕಿತ್ತು. ದೂರದ ಲೆಕ್ಕ ಬೇಡ, ಮೂರು ತಾಸು ಓಡು ಎಂದ ಈರಣ್ಣ. ಲಕ್ಷ್ಮೇಶ್ವರದ ಕಲ್ಲಿನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವನ ತಂಗಿಯನ್ನು ಹಿರೇವಡ್ಡಟ್ಟಿಗೆ ಕೊಟ್ಟಿದ್ದರು. ಹಿಂದಿನ ದಿನ ಅಲ್ಲಿ ಉಂಡು ಮಲಗಿ, ಬೆಳಿಗ್ಗೆ ಮುಂಡರಗಿಗೆ ಬಂದು, ಹಮ್ಮಿಗಿಯ ದಾರಿ ಹಿಡಿದೆವು. ಒಂದಿಷ್ಟು ಅಡ್ಡದಾರಿ ಸುತ್ತಿ ಕೊನೆಗೆ ತುಂಗಭದ್ರೆಯ ದಂಡೆ ಸೇರುವುದು.

ಮೊದಲ ತಾಸಿನಲ್ಲೇ ಹೊಲದಿಂದ ಒಬ್ಬ ರೈತ ಕುಂಟೆ ಹೊಡೆಯುವುದನ್ನು ಬಿಟ್ಟು ಓಡಿ ಬಂದ.

"ಯಾರ ಹ್ವಾದ್ರೀ? ಯಾರ ಮನ್ಯಾಗ?"

ಬೆಳಿಗ್ಗೆ ಹೊತ್ತು ಊರಿಂದೂರಿಗೆ ಓಡುವವನು ಸಾವಿನ ಸುದ್ದಿ ತಂದವನೇ ಆಗಿರಬೇಕು ಎಂಬುದು ಅವನ ಲೆಕ್ಕ. ಯಾರೂ ಹೋಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಅವನು ನಂಬಲಿಲ್ಲ. ಕೆಟ್ಟ ಸುದ್ದಿಯನ್ನು ದಾರಿಯಲ್ಲಿ ಹೇಳಬಾರದೆಂದು ಮುಚ್ಚಿಡುತ್ತಿದ್ದೇನೆ ಎಂದುಕೊಂಡು, "ಧೈರ್ಯಾ ತಗೋರಿ" ಎನ್ನುತ್ತ ಜೊತೆಗೇ ಒಂದು ಫರ್ಲಾಂಗು ಓಡಿದ. ಸೈಕಲ್ಲಿನ ಮೇಲಿದ್ದ ಈರಣ್ಣನಿಗೆ ನಗು ತಡೆಯದೆ ಹ್ಯಾಂಡಲ್ಲು ಅಲ್ಲಾಡುತ್ತಿತ್ತು.

ಮುಂದೆ ಒಬ್ಬ ಹೆಣ್ಣುಮಗಳು ತಂಬಿಗೆ ಹಿಡಿದು ರಸ್ತೆಗೆ ಅಡ್ಡ ನಿಂತಳು. "ನಿಂತು ಕುಡೀರಿ. ಓಡ್ಕೋತ ಕುಡದ್ರ ಮಜ್ಜಿಗಿ ಚೆಲ್ಲತೈತಿ." ನಿಂತರೆ ಸಮಯ ಹೋಗುತ್ತದೆ ಎಂದೆ. "ಮಜ್ಜಿಗಿ ಕುಡಿಯಾಕ ಟೈಮ್ ಇಲ್ದಾಂವ ಯಾವ ರಾಜ್ಯಾ ಆಳಾಕ ಹೊಂಟೀಯಪಾ?" ಎಂದಳು. ನಿಂತೆ. ಈರಣ್ಣ ಗಡಿಯಾರ ನಿಲ್ಲಿಸಲಿಲ್ಲ. "ನಿಂತದ್ದೂ ಓಟದಾಗ ಬರತೈತಿ" ಎಂದ.

ಮೂರು ತಾಸಿಗೆ ಐದು ನಿಮಿಷ ಉಳಿದಿರುವಾಗ ಹೊಳೆ ಕಂಡಿತು. ಬೂಟು ಸಮೇತ ನೀರಿಗಿಳಿದೆ. ಈರಣ್ಣ ಮರಳಿನಲ್ಲಿ ಸೈಕಲ್ಲು ಮಲಗಿಸಿ, ತಂಗಿ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಬಿಚ್ಚಿದ. ಆ ರೊಟ್ಟಿ, ಕೆಂಪು ಖಾರ, ತೊಯ್ದ ಬೂಟು. ನನ್ನ ಓಟದ ದಿನಗಳಲ್ಲಿ ಯಾವುದನ್ನಾದರೂ ಮರಳಿ ಪಡೆಯಬಹುದಾದರೆ ಈ ಬೆಳಗನ್ನು ಕೇಳುತ್ತೇನೆ.

ಸ್ಕಾಟ್ಲಂಡ್: ಮೊದಲ ಪರೀಕ್ಷೆ

ಆ ಊರು ಬೂದು ಕಲ್ಲಿನದು. ಮನೆ, ಸೇತುವೆ, ಆಕಾಶ ಎಲ್ಲಕ್ಕೂ ಒಂದೇ ಬಣ್ಣ. ನಾನು ಉಳಿದದ್ದು ಮಿಸೆಸ್ ಡಂಕನ್ ಎಂಬ ಮುದುಕಿಯ ಮನೆಯಲ್ಲಿ. ಬೆಳಿಗ್ಗೆ ಓಟ್ಸಿನ ಗಂಜಿ ಬಡಿಸುವಳು, ಅದಕ್ಕೆ ಉಪ್ಪು ಮಾತ್ರ. ನಾನು ತಂದಿದ್ದ ಶೇಂಗಾ ಚಟ್ನಿ ಸೇರಿಸಿಕೊಂಡಾಗ ಮುಖ ತಿರುಗಿಸಿದಳು. ಎರಡನೆಯ ವಾರ, ಒಂದು ಚಮಚ ತನಗೂ ಎಂದಳು.

ಅಲ್ಲಿ ದಿನವೂ ಓಡುವವರಿದ್ದರು. ಯಾರೂ ಯಾರನ್ನೂ ತಡೆಯುವುದಿಲ್ಲ, ಯಾಕೆ ಓಡುತ್ತೀ ಎಂದು ಕೇಳುವುದಿಲ್ಲ. ಎದುರಾದರೆ ಹವೆಯ ಬಗ್ಗೆ ಒಂದು ಮಾತು, ಅಷ್ಟೇ. ಗದಗಿನಲ್ಲಿ ಹತ್ತು ಹೆಜ್ಜೆ ಓಡಿದರೆ ಹತ್ತು ಮಂದಿ ಕೇಳುತ್ತಿದ್ದರು. ಆಗ ಕಿರಿಕಿರಿಯಾಗುತ್ತಿತ್ತು. ಇಲ್ಲಿ ಒಂದು ತಿಂಗಳು ಓಡಿದ ಮೇಲೆ ಯಾರಾದರೂ ಕೇಳಲಿ ಎನಿಸತೊಡಗಿತು.

ಸಂಘದ ಪರವಾಗಿ ಪರೀಕ್ಷೆ ನಡೆಸುವವನು ಆರ್ಚಿ. ನಿವೃತ್ತ ಅಂಚೆಯವನು, ತೆಳ್ಳಗೆ, ಎತ್ತರ. ಕೋಲಿಗೆ ಸಿಕ್ಕಿಸಿದ ಒಂದು ಗಾಲಿ ಅವನ ಬಳಿ ಇತ್ತು. ತಳ್ಳಿಕೊಂಡು ನಡೆದರೆ ಗಾಲಿ ತಿರುಗಿದಂತೆ ಗಜಗಳ ಅಂಕಿ ಬೀಳುತ್ತದೆ. ಊರಿನ ಪ್ರತಿ ರಸ್ತೆಯನ್ನೂ ಅವನು ಹಾಗೆ ನಡೆದು ಅಳೆದಿದ್ದ. ನಮ್ಮೂರಿನಲ್ಲಿ ಹತ್ತು ಮೈಲಿ ಎಂಬತ್ತೈದರಲ್ಲಿ ಓಡಿದ್ದೇನೆ ಎಂದೆ.

"ಯಾರ ಮೈಲಿ?" ಎಂದು ಕೇಳಿದ.

ನನ್ನ ಗೆಳೆಯ ಅಳೆದದ್ದು ಎಂದೆ. ತಲೆಯಾಡಿಸಿ ಸೀಟಿ ಊದಿದ.

ಎರಡು ಮೈಲಿಯ ಸುತ್ತು, ಐದು ಸಲ. ಗಾಳಿ ಇರಲಿಲ್ಲ, ಕಾಲು ಹಗುರವಾಗಿತ್ತು. ಬೇವಿನ ಮರದ ಕೆಳಗಿನ ಓಟಕ್ಕಿಂತ ಚೆನ್ನಾಗಿಯೇ ಓಡಿದೆ ಎನಿಸಿತು. ಆರ್ಚಿ ಗಡಿಯಾರ ತೋರಿಸಿದ. ಎಂಬತ್ತೊಂಬತ್ತೂವರೆ.

"ಎರಡು ವಾರ ಬಿಟ್ಟು ಇನ್ನೊಮ್ಮೆ ಬಾ. ಅದೇ ಕೊನೆಯ ಅವಕಾಶ" ಎಂದ.

ಮನೆಗೆ ನಡೆಯುತ್ತ ನನಗೆ ಬಂದ ಮೊದಲ ಯೋಚನೆ, ಅವನ ಗಾಲಿ ಸರಿಯಿಲ್ಲ ಎಂಬುದು. ಲಕ್ಷ್ಮೇಶ್ವರದಲ್ಲಿ ಕಲ್ಲು, ಇಲ್ಲಿ ಗಾಲಿ. ಎರಡೂ ಒಂದೇ ಬದಿಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಪ್ಪಿವೆ ಎಂದರೆ ತಪ್ಪಿದ್ದು ಬೇರೆಯೇ ಇರಬೇಕು. ಆದರೆ ಈರಣ್ಣನ ನೂಲು ತಪ್ಪಲು ಸಾಧ್ಯವೇ? ಆ ಗಜಕೋಲು ಇಡುವುದನ್ನು ನಾನೇ ಕಣ್ಣಾರೆ ನೋಡಿದ್ದೆ.

ಮಿಸೆಸ್ ಡಂಕನ್ನಳ ಹಿತ್ತಲು

ನಾಲ್ಕು ದಿನದ ಮೇಲೆ, ಒಂದು ಮಧ್ಯಾಹ್ನ ತುಂತುರು ಮಳೆ ಶುರುವಾಯಿತು. ಹಿತ್ತಲಿನಲ್ಲಿ ಬಟ್ಟೆ ಒಣಗಲು ಹಾಕಿದ್ದರು. ಮಿಸೆಸ್ ಡಂಕನ್ ಅವಸರದಿಂದ ಹೊರಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಟ್ಟೆ ತೆಗೆಯತೊಡಗಿದೆ. ಅವಳು ಬಟ್ಟೆ ಮುಟ್ಟಲೇ ಇಲ್ಲ. ಗೋಡೆಯ ಕೊಕ್ಕೆಯ ಬಳಿ ಹೋಗಿ ಹಗ್ಗವನ್ನು ಸಡಿಲು ಮಾಡಿದಳು.

"ಬಟ್ಟೆಗೇನು, ನಾಳೆ ಒಣಗುತ್ತವೆ. ಹಗ್ಗ ನೆನೆದರೆ ಗಿಡ್ಡವಾಗುತ್ತದೆ. ಹೋದ ವರ್ಷ ಕೊಕ್ಕೆಯನ್ನೇ ಕಿತ್ತುಕೊಂಡು ಬಂತು."

"ಎಂಥ ಹಗ್ಗ?"

"ಹತ್ತಿಯದು. ಹೊಸೆದದ್ದು. ಯಾಕೆ?"

ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ಮಳೆಯಲ್ಲಿ ನಿಂತೆ. ಕಣ್ಣಮುಂದೆ ಬಂದದ್ದು ಬೆಟಗೇರಿಯ ಬಯಲು, ಮೊಣಕಾಲ ತನಕ ತೊಯ್ದ ಧೋತರ. ನೂಲನ್ನು ಅಳೆದದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ನೆಲಕ್ಕೆ ಹಿಡಿದದ್ದು ಇಬ್ಬನಿಯಲ್ಲಿ.

ಅವಳಿಂದ ಉಳಿದ ಹಗ್ಗದ ತುಂಡು ಕೇಳಿ ಪಡೆದೆ. ಒಣಗಿದ್ದಾಗ ಇಪ್ಪತ್ತು ಗೇಣು. ನೀರಲ್ಲಿ ಅದ್ದಿದರೆ ಹತ್ತೊಂಬತ್ತು. ಅಂದರೆ ನಮ್ಮ ನೂರು ಗಜ ಬಯಲಿನಲ್ಲಿ ತೊಂಬತ್ತೈದು ಗಜವಾಗಿತ್ತು. ನನ್ನ ಎಂಬತ್ತೈದು ನಿಮಿಷ ಒಂಬತ್ತೂವರೆ ಮೈಲಿಯದು. ಕಲ್ಲು ಸುಳ್ಳಾಡಿರಲಿಲ್ಲ, ಗಾಲಿಯೂ ಸುಳ್ಳಾಡಿರಲಿಲ್ಲ.

ಈರಣ್ಣನಿಗೆ ಪತ್ರ ಬರೆದೆ. ಅಂಚೆಗೆ ಹಾಕಲಿಲ್ಲ. ನೂಲಿನ ಬಗ್ಗೆ ಅವನಿಗೆ ನಾನು ಕಾಗದದಲ್ಲಿ ಪಾಠ ಹೇಳುವುದು ಸರಿಕಾಣಲಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಪ್ರತಿ ಮೈಲಿಗೂ ಎಷ್ಟು ಹೊತ್ತು ಬೇಕೆಂಬುದು ಗೊತ್ತಿತ್ತು. ಕೊನೆಯ ಸುತ್ತಿನಲ್ಲಿ, ಬಸ್ಸು ತಿರುವು ದಾಟುತ್ತಿದೆ, ಕೈಯಲ್ಲಿ ಲಕೋಟೆ ಇದೆ ಎಂದುಕೊಂಡು ಓಡಿದೆ. ಎಂಬತ್ತೇಳು ನಿಮಿಷ, ಇಪ್ಪತ್ತು ಸೆಕೆಂಡು. ಆರ್ಚಿ ನಂಬರು ತೆಗೆದು ಕೊಟ್ಟ.

ಓಟದ ದಿನ

ಹದಿನೆಂಟು ಮೈಲಿಯ ತನಕ ಹೇಳುವಂಥದ್ದೇನೂ ಇಲ್ಲ. ದಾರಿಬದಿ ಜನ ಕಿತ್ತಳೆಯ ಹೋಳು ಹಿಡಿದು ನಿಂತಿದ್ದರು. ನಿಂತು ತಿಂದು, ಥ್ಯಾಂಕ್ಸ್ ಹೇಳಿದೆ. ಹಮ್ಮಿಗಿಯ ದಾರಿಯ ಅಭ್ಯಾಸ. ಓಡುತ್ತಲೇ ಕಸಿದುಕೊಳ್ಳುವುದು ಅಲ್ಲಿನ ರೀತಿ. ನಾನು ನಿಂತದ್ದಕ್ಕೆ ಕೊಟ್ಟವರೇ ಗಾಬರಿಯಾದರು.

ಇಪ್ಪತ್ತೊಂದರ ನಂತರ ತೊಡೆಗಳು ಕಲ್ಲಾದವು. ಇಪ್ಪತ್ಮೂರರಲ್ಲಿ ಎದುರುಗಾಳಿ. ಇಪ್ಪತ್ನಾಲ್ಕು ದಾಟಿದ ಮೇಲೆ ಹಿಂದಿನಿಂದ ಬಸ್ಸಿನ ಸದ್ದು ಕೇಳತೊಡಗಿತು. ಜೀವನದಲ್ಲಿ ಅದೆಷ್ಟು ಬಸ್ಸುಗಳನ್ನು ಬೆನ್ನಟ್ಟಿದ್ದೆ. ಬಸ್ಸು ನನ್ನನ್ನು ಬೆನ್ನಟ್ಟಿದ್ದು ಅದೇ ಮೊದಲು.

ಇಪ್ಪತ್ತೈದನೆಯ ಮೈಲಿಯ ಫಲಕ ಕಾಣುತ್ತಿತ್ತು. ಸುಮಾರು ನೂರ ಅರವತ್ತು ಗಜ ದೂರ. ಬಸ್ಸು ಪಕ್ಕಕ್ಕೆ ಬಂದು ನಿಂತಿತು. ನಾಲ್ಕು ತಾಸು ಮುಗಿದಿತ್ತು. ಡ್ರೈವರು ಇಳಿದು ನನ್ನ ಹೆಗಲಿಗೆ ಕಂಬಳಿ ಹೊದಿಸಿದ. ಒಳಗೆ ನನ್ನಂಥವರು ಹನ್ನೊಂದು ಮಂದಿ ಇದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕೂತ ಮೇಲೆ ಮನಸ್ಸು ತಾನಾಗಿ ಲೆಕ್ಕ ಹಾಕತೊಡಗಿತು. ಮ್ಯಾರಥಾನಿನ ಪೂರ್ತಿ ದೂರವನ್ನು ಈರಣ್ಣನ ತೊಯ್ದ ನೂಲಿನಲ್ಲಿ ಅಳೆದರೆ ಎಲ್ಲಿಗೆ ಮುಗಿಯುತ್ತದೆ? ಎರಡು ಸಲ ಗುಣಿಸಿ ನೋಡಿದೆ. ಇಪ್ಪತ್ತೈದನೆಯ ಫಲಕಕ್ಕೆ ನೂರ ಅರವತ್ತು ಗಜ ಮೊದಲು. ಬಸ್ಸು ನನ್ನನ್ನು ಹತ್ತಿಸಿಕೊಂಡ ಜಾಗ.

ಬೆಟಗೇರಿಯ ಮೈಲಿಯ ಪ್ರಕಾರ ನಾನು ಓಟ ಮುಗಿಸಿದ್ದೆ. ನಾಲ್ಕು ತಾಸಿನಲ್ಲಿ, ಕರಾರುವಾಕ್ಕಾಗಿ.

ಮತ್ತೆ ಬೆಟಗೇರಿ

ವಿಮಾನದಲ್ಲಿ, ರೈಲಿನಲ್ಲಿ, ಹುಬ್ಬಳ್ಳಿಯಿಂದ ಗದಗಿನ ತನಕ ಆ ಒಂದು ವಾಕ್ಯವನ್ನು ಒತ್ತೊತ್ತಿ ಹೇಳಿಕೊಂಡೆ: ನಿನ್ನ ನೂಲಿನ ಪ್ರಕಾರ ಮುಗಿಸಿದೆ. ಸುಳ್ಳಲ್ಲ. ಮೊದಲ ಮೂರು ಶಬ್ದ ಬಿಟ್ಟು ಹೇಳಿದರೂ ಈರಣ್ಣ ಕೇಳಲಾರ. ನಂಬರು ಮಗ್ಗದ ಮೇಲೆ ಏರುತ್ತದೆ. ಕೆಂಪು ಕಲ್ಲು ಇದ್ದಲ್ಲೇ ಇರುತ್ತದೆ.

ಹೋದಾಗ ಈರಣ್ಣ ಕುಣಿಯಲ್ಲಿದ್ದ. ಲಾಳಿ ನಿಲ್ಲಿಸಿದ. ನಂಬರು ಕೊಟ್ಟೆ. ಎರಡು ಬೆರಳ ನಡುವೆ ತಿಕ್ಕಿ ನೋಡಿದ.

"ಇದು ಬಟ್ಟಿ ಅಲ್ಲಲೇ. ಕಾಗದ."

"ಹೌದು, ಕಾಗದಾನ."

"ವಿಲಾಯತಿಯವರು, ಒಂದು ನಂಬರಿಗೆ ಬಟ್ಟಿ ನೇಯಂಗಿಲ್ಲಂದ್ರ..." ಎಂದು ನಕ್ಕು, ತಲೆಯೆತ್ತಿ ಕೇಳಿದ. "ಮುಗಿಸಿದ್ಯಾ?"

"ಇಲ್ಲ" ಎಂದೆ.

ಕಟ್ಟಿದ್ದ ವಾಕ್ಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಗ್ಗ, ಮಳೆ, ಗಾಲಿ, ಬಸ್ಸು ಎಲ್ಲ ಹೇಳಿದೆ. ಈರಣ್ಣನ ಮುಖ ಗಂಟಾಯಿತು.

"ನೂಲು ತೊಯ್ದ್ರ ಗಟ್ಟಿ ಆಗತೈತಿ. ಗಿಡ್ಡ ಆಗಂಗಿಲ್ಲ. ನೂಲಿನ ವಿಷಯಾ ನನಗ ಹೇಳ್ತೀಯೇನಲೇ?"

ಚಹಾ ತಂದಿದ್ದ ಗಂಗವ್ವ ಬಾಗಿಲಲ್ಲೇ ನಿಂತಳು. "ಬಿಡಿ ನೂಲು ಆಗಂಗಿಲ್ಲೋ. ಹುರಿ ಮಾಡಿ ಹೊಸದ ಹಗ್ಗ ಆಗತೈತಿ. ಮಳಿಗಾಲದಾಗ ಅರಿವಿ ಹಗ್ಗ ಬಿಗದು ಗ್ವಾಡ್ಯಾಗಿನ ಮೊಳಿ ಕಿತ್ತು ಬರ್ತಾವ. ದಿನಾ ನೋಡ್ತೀನಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ ನೀನು?"

"ನೀ ಎಲ್ಲಿ ಹಗ್ಗ ಅಂದಿ? ಮೈಲಿ ಅಂದಿ. ಮೈಲಿ ವಿಷಯಾ ನನಗೇನ ತಿಳೀತೈತಿ?"

ಈರಣ್ಣ ಕುಣಿಯಿಂದ ಎದ್ದ. ಅಟ್ಟದಿಂದ ನೂಲಿನ ಸುರುಳಿ ಇಳಿಸಿ ಓಣಿಯಲ್ಲಿ ಚಾಚಿದ. ಎರಡೂ ತುದಿಗೆ ನೆಲದಲ್ಲಿ ಗುರುತು ಮಾಡಿದ. ಕೊಡ ಹಿಡಿದು ಉದ್ದಕ್ಕೂ ನೀರು ಸುರಿದ. ಒಂದು ತುದಿಯನ್ನು ಗುರುತಿಗೆ ಹಿಡಿದು, ಇನ್ನೊಂದನ್ನು ಎಳೆದು ನೋಡಿದ. ಗುರುತು ಮುಟ್ಟಲಿಲ್ಲ. ಇನ್ನೂ ಎಳೆದ. ನಡುವಿನ ಜಾಗಕ್ಕೆ ಗಜಕೋಲು ಇಟ್ಟ. ಐದು ಸಲ.

ಗಜಕೋಲು ಹಿಡಿದುಕೊಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ಹೇಳಿದ:

"ಆ ಲಕ್ಷ್ಮೇಶ್ವರದ ಕಲ್ಲಿಗೆ ಭಾಳ ಬೈದ್ನೆಲ್ಲೋ."

"ನಾನೂ ಸುಮ್ಮನ ಇದ್ದೆ."

"ನೀ ಪೇಪರಿನಾಂವ. ನೀನರೆ ಕೇಳಬೇಕಿತ್ತು."

ಅವನು ನೂಲನ್ನು ಸುತ್ತತೊಡಗಿದ. ಅರ್ಧ ಸುತ್ತಿ ನಿಲ್ಲಿಸಿದ.

"ಎಷ್ಟ ಉಳೀತು ಅಂದಿ?"

"ಒಂದ ಮೈಲಿ, ಮ್ಯಾಲ ಮೂರನೇ ಒಂದ ಪಾಲು."

"ಇದು ಒಣಗಲಿ. ನಾಳೆ ಮಧ್ಯಾಹ್ನ ಹೋಗೂಣು."

ಮರುದಿನ ಎರಡು ಗಂಟೆಯ ಬಿಸಿಲಿನಲ್ಲಿ, ಕಾದ ನೆಲದ ಮೇಲೆ, ಒಣ ನೂಲಿನಿಂದ ಬೇವಿನ ಮರದಿಂದ ಮತ್ತೆ ಅಳೆದೆವು. ಹೊಸ ಗುರುತು ಹಾಳು ಬಾವಿಯನ್ನು ದಾಟಿ ನಲವತ್ನಾಲ್ಕು ಗಜ ಮುಂದೆ, ಜಾಲಿಯ ಪೊದೆಯೊಳಗೆ ಬಿತ್ತು. ಈರಣ್ಣ ಕುಡಗೋಲಿನಿಂದ ಮುಳ್ಳು ಸವರಿ ಇನ್ನೊಂದು ಕೆಂಪು ಕಲ್ಲು ಹೂಳಿದ. ಹಳೆಯದನ್ನು ಕೀಳಲಿಲ್ಲ. "ಇರಲಿ. ಮರೀಬಾರದು" ಎಂದ.

ಮರದ ಬುಡಕ್ಕೆ ಬಂದು ನಿಂತೆವು. ಹೋಗಿ, ಬಂದು, ಮತ್ತೊಮ್ಮೆ ಹೋಗುವುದು. ಉಳಿದದ್ದಕ್ಕಿಂತ ಅದು ಸ್ವಲ್ಪ ಹೆಚ್ಚೇ ಆಗುತ್ತದೆ ಎಂದೆ.

"ಆಗಲಿ. ಈ ಸರ್ತಿ ಕಡಿಮಿ ಬ್ಯಾಡ."

ಹೇಳುತ್ತಲೇ ಧೋತರ ಮೇಲೆತ್ತಿ ಕಟ್ಟಿದ. ಗಡಿಯಾರ ಬಿಚ್ಚಿ ಬೇವಿನ ಟೊಂಗೆಗೆ ಸಿಕ್ಕಿಸಿದ. ಚಪ್ಪಲಿ ಕಳಚಿದ.

"ನೀನೂ?"

"ಅಳದಾಂವ ನಾನಲ್ಲೇನು? ಉಳಿಸಿದಾಂವನೂ ನಾನ."

ಓಡಿದೆವು. ಇಪ್ಪತ್ತೈದು ವರ್ಷ ಕುಣಿಯಲ್ಲಿ ತುಳಿದ ಕಾಲುಗಳು. ಅವನ ಹೆಜ್ಜೆ ಗಿಡ್ಡ, ಲಯ ಮಗ್ಗದ್ದೇ. ಒಂದು ಸಲವೂ ತಪ್ಪಲಿಲ್ಲ. ನನಗೆ ಸ್ಕಾಟ್ಲಂಡಿನ ನೋವು ಇನ್ನೂ ತೊಡೆಯಲ್ಲಿತ್ತು. ಎರಡನೆಯ ಸಲ ಹೋಗುವಾಗ ಹಳೆಯ ಕೆಂಪು ಕಲ್ಲಿನ ಬಳಿ ನನ್ನ ಕಾಲುಗಳು ತಾವಾಗಿ ನಿಧಾನವಾದವು. ಎಷ್ಟೋ ತಿಂಗಳು ಅಲ್ಲೇ ಹೊರಳಿದ ಅಭ್ಯಾಸ. "ಇಲ್ಲಲ್ಲಲೇ, ಮುಂದ! ಮುಂದ!" ಎಂದು ಈರಣ್ಣ ಕೂಗಿದ. ನಲವತ್ನಾಲ್ಕು ಗಜ. ಜಾಲಿಯ ಮುಳ್ಳು ಇಬ್ಬರ ಮೊಣಕಾಲನ್ನೂ ಗೀರಿತು. ಹೊಸ ಕಲ್ಲನ್ನು ಇಬ್ಬರೂ ಕೈಯಿಂದ ಮುಟ್ಟಿದೆವು.

ಈರಣ್ಣ ಕಲ್ಲಿನ ಪಕ್ಕ ಕೂತು ಕಾಲಿನ ಮುಳ್ಳು ಕೀಳುತ್ತ, ಉಸಿರು ಸಿಕ್ಕ ಮೇಲೆ ಕೇಳಿದ:

"ಪೇಪರಿನ್ಯಾಗ ಏನ ಬರೀತಿ?"

"ಮುಗಿಸಲಿಲ್ಲ ಅಂತ. ಖರೆ ಅದ ಅಲ್ಲ?"

"ಖರೆ" ಎಂದ. ಮುಳ್ಳನ್ನು ಬಿಸಿಲಿಗೆ ಹಿಡಿದು ನೋಡಿ ಎಸೆದ. "ಅಲ್ಲಿ ಮುಗಿಸಲಿಲ್ಲ ಅಂತ ಬರಿ."

ಹಾಗೆಯೇ ಬರೆದೆ. ಹುಬ್ಬಳ್ಳಿಯ ಮೇಜಿನಲ್ಲಿ ಯಾರೋ ಜಾಗ ಸಾಲದೆಂದು 'ಅಲ್ಲಿ' ತೆಗೆದುಹಾಕಿ ಅಚ್ಚು ಮಾಡಿದರು. ಅದು ಅವರ ಕೆಲಸ, ನಾನು ತಕರಾರು ಮಾಡಲಿಲ್ಲ. ಇಲ್ಲಿ ಮತ್ತೆ ಸೇರಿಸಿದ್ದೇನೆ.

ಕಾಗದದ ನಂಬರು ಮಗ್ಗದ ಮೇಲೆ ಹಳದಿಯಾಗುವ ತನಕ ಇತ್ತು. ನೂಲು ಅಂದೇ ಗಂಗವ್ವನ ಹಿತ್ತಲು ಸೇರಿತು. ಮುಂದಿನ ಮಳೆಗಾಲ ನಾನು ಹೋದಾಗಲೆಲ್ಲ ನೋಡುತ್ತಿದ್ದೆ. ಮೊದಲ ಹನಿ ಬಿದ್ದೊಡನೆ, ತಾಯಿ ಕೂಗುವ ಮುಂಚೆಯೇ, ಈರಣ್ಣ ಲಾಳಿ ಬಿಟ್ಟು ಕುಣಿಯಿಂದ ಎದ್ದು ಹೋಗುತ್ತಿದ್ದ. ಕೆಂಪು ಗಂಟುಗಳ ಮೇಲೆ ಸೀರೆಗಳು ತೊಯ್ಯುತ್ತಿದ್ದರೂ ಅವುಗಳನ್ನು ಮುಟ್ಟದೆ, ಮೊಳೆಯ ಬಳಿ ನಿಂತು ಹಗ್ಗವನ್ನು ಸಡಿಲು ಮಾಡುತ್ತಿದ್ದ.